ವಾರಕ್ಕೆ ಎರಡು ಗಂಟೆ ಸಾಕಾಗುವುದು ಯಾವಾಗ?

ಶನಿವಾರವೋ ಭಾನುವಾರವೋ ಎರಡು ಗಂಟೆ. ಸಂಬಳವಿಲ್ಲದೆ ಕಲಿಸಲು ಬರುವ ಕೆಲವು ದೊಡ್ಡವರು, ಪ್ರಾಥಮಿಕ ಶಾಲೆಯ ಕೆಲವು ಮಕ್ಕಳು. ಒಂದಿಷ್ಟು ಓದು, ಒಂದಿಷ್ಟು ಲೆಕ್ಕ, ನಡುವೆ ಆಟ, ಪ್ರಯೋಗ, ಕಥೆ. ಇಂಥ ವಾರಾಂತ್ಯದ ತರಗತಿಗಳು ಎಷ್ಟೋ ದೇಶಗಳಲ್ಲಿ ನಡೆಯುತ್ತವೆ. ಕೆಲವು ಕಡೆ ತಡವರಿಸುತ್ತಿದ್ದ ಮಗು ಕೆಲವೇ ತಿಂಗಳಲ್ಲಿ ಪುಟ ಓದತೊಡಗುತ್ತದೆ. ಇನ್ನು ಕೆಲವು ಕಡೆ ವರ್ಷವಿಡೀ ತಪ್ಪದೆ ಬಂದರೂ ಮಗು ಇದ್ದಲ್ಲೇ ಇರುತ್ತದೆ. ಎರಡೂ ಕಡೆ ಕಲಿಸುವವರ ಮನಸ್ಸು ಒಳ್ಳೆಯದೇ. ಹಾಗಾದರೆ ವ್ಯತ್ಯಾಸ ಆಗುವುದು ಎಲ್ಲಿ?

ಮೊದಲು ಸಮಯದ ಲೆಕ್ಕ ಹಾಕೋಣ. ವಾರಕ್ಕೆ 2 ಗಂಟೆಯಂತೆ ವರ್ಷಕ್ಕೆ 30 ವಾರ ನಡೆದರೆ 60 ಗಂಟೆ. ದಿನಕ್ಕೆ 5 ಗಂಟೆ ಪಾಠ ನಡೆಯುವ ಶಾಲೆಗೆ ಇದು ಬರೀ 12 ದಿನದ ಕೆಲಸ. ಶಾಲೆಯ ಪಾಠವನ್ನೇ ಇನ್ನೊಮ್ಮೆ ಮಾಡಲು ಹೊರಟರೆ ಇಷ್ಟು ಸಮಯ ಯಾವ ಮೂಲೆಗೂ ಸಾಲದು. ಆದರೆ ಈ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಸರಿಯಾಗಿ ಕಂಡುಹಿಡಿದು, ಆ ಗಂಟು ಒಂದನ್ನೇ ಬಿಡಿಸಲು ಕೂತರೆ 60 ಗಂಟೆ ತುಂಬಾ ದೊಡ್ಡ ಸಮಯ. ವಾರಾಂತ್ಯದ ತರಗತಿಯ ಗೆಲುವು ಸೋಲು ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ನಂಬಿಕೆ.

ಹತ್ತಿರ ಕೂತು ಕಲಿಸಿದರೆ ಏನಾಗುತ್ತದೆ?

1984ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಒಂದು ಲೇಖನ ಬರೆದರು. ಒಬ್ಬೊಬ್ಬರಿಗೇ ಪಾಠ ಸಿಕ್ಕಾಗ ಸಾಧಾರಣ ವಿದ್ಯಾರ್ಥಿಯೊಬ್ಬ ಮಾಮೂಲಿ ತರಗತಿಯ 100ರಲ್ಲಿ 98 ಮಂದಿಯನ್ನು ಹಿಂದೆ ಹಾಕುತ್ತಾನೆ ಎಂದು ಅದರಲ್ಲಿತ್ತು. ಈ ಮಾತು ಬಹಳ ಪ್ರಸಿದ್ಧವಾಯಿತು. ಆಮೇಲಿನ ಸಂಶೋಧನೆಗಳಲ್ಲಿ ಅಷ್ಟು ದೊಡ್ಡ ಫಲ ಸಾಮಾನ್ಯವಾಗಿ ಕಾಣಲಿಲ್ಲ. 2020ರಲ್ಲಿ ನಿಕೋ, ಒರಿಯೊಪೊಲಸ್ ಮತ್ತು ಕ್ವಾನ್ ಎಂಬ ಮೂವರು 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವರಿಗೆ ಸಿಕ್ಕ ಸರಾಸರಿಯನ್ನು ಸರಳವಾಗಿ ಹೀಗೆ ಹೇಳಬಹುದು: 100 ಮಕ್ಕಳ ಸಾಲಿನಲ್ಲಿ ಸರಿಯಾಗಿ ನಡುವೆ ಇದ್ದ ಮಗು ಸುಮಾರು 64ನೇ ಜಾಗಕ್ಕೆ ಏರುತ್ತದೆ. 98ರ ಮುಂದೆ ಇದು ಚಿಕ್ಕದಾಗಿ ಕಾಣಬಹುದು. ಶಿಕ್ಷಣದಲ್ಲಿ ಇಷ್ಟು ಫಲ ಕೊಡುವ ಉಪಾಯಗಳು ಕಡಿಮೆ.

ಅದೇ ಅಧ್ಯಯನದಲ್ಲಿ ನಮಗೆ ಅಷ್ಟೇನೂ ಹಿತವಲ್ಲದ ಎರಡು ಮಾತೂ ಇವೆ. ಶಿಕ್ಷಕರು ಮತ್ತು ತರಬೇತಿ ಪಡೆದ ಸಹಾಯಕರು ಕಲಿಸಿದಾಗ ಆಗುವ ಲಾಭ ಸ್ವಯಂಸೇವಕರು ಕಲಿಸಿದಾಗ ಆಗುವುದಕ್ಕಿಂತ ಜಾಸ್ತಿ. ಶಾಲೆಯ ಸಮಯದಲ್ಲೇ ನಡೆಯುವ ಪಾಠ, ಶಾಲೆ ಮುಗಿದ ಮೇಲೆ ನಡೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಅಂದರೆ ವಾರಾಂತ್ಯದ ಸ್ವಯಂಸೇವಕರು ಓಟವನ್ನು ಸ್ವಲ್ಪ ಹಿಂದಿನಿಂದಲೇ ಶುರು ಮಾಡುತ್ತಾರೆ. ಇದನ್ನು ಮುಚ್ಚಿಡಬೇಕಾಗಿಲ್ಲ, ಯಾಕೆಂದರೆ ಈ ಅಂತರ ಕಡಿಮೆ ಮಾಡುವ ದಾರಿಯೂ ಗೊತ್ತಿದೆ. ಗ್ಯಾರಿ ರಿಟರ್ ಮತ್ತು ಜೊತೆಗಾರರು 2009ರಲ್ಲಿ ಬರೀ ಸ್ವಯಂಸೇವಕರ ಪಾಠದ ಮೇಲಿನ 21 ಅಧ್ಯಯನಗಳನ್ನು ಪರಿಶೀಲಿಸಿದರು. ಪ್ರಾಥಮಿಕ ಶಾಲೆಯ ಮಕ್ಕಳ ಓದಿನಲ್ಲಿ ನಿಜವಾದ ಸುಧಾರಣೆ ಅವರಿಗೆ ಕಂಡಿತು. ಒಟ್ಟಾರೆ ಓದಿನ ಮಟ್ಟ ನೋಡಿದರೆ, ಇವತ್ತು ಏನು, ಮುಂದಿನ ವಾರ ಏನು ಎಂದು ಮೊದಲೇ ಗಟ್ಟಿಯಾಗಿ ಯೋಜಿಸಿದ ಕಾರ್ಯಕ್ರಮಗಳು ಸಡಿಲವಾದವುಗಳಿಗಿಂತ ಮುಂದಿದ್ದವು.

ಇಷ್ಟಕ್ಕೂ ಹತ್ತಿರ ಕೂತು ಕಲಿಸುವುದರಲ್ಲಿ ಏನಿದೆ? 40 ಮಕ್ಕಳ ತರಗತಿಯಲ್ಲಿ ಒಂದು ಮಗು ತಪ್ಪು ಮಾಡಿದರೆ ಅದು ಗೊತ್ತಾಗುವುದು ಎಷ್ಟೋ ದಿನ ಕಳೆದು, ಪುಸ್ತಕ ತಿದ್ದುವಾಗ. ಅಷ್ಟರಲ್ಲಿ ಆ ತಪ್ಪು ದಾರಿಯನ್ನೇ ಮಗು ಹತ್ತಾರು ಸಲ ತುಳಿದು ರೂಢಿ ಮಾಡಿಕೊಂಡಿರುತ್ತದೆ. ಪಕ್ಕದಲ್ಲಿ ಕೂತವರಿಗೆ ತಪ್ಪು ಆ ಕ್ಷಣದಲ್ಲೇ ಕಾಣುತ್ತದೆ. ಮಗುವಿನ ಬಾಯಿಂದಲೇ ಅದರ ಕಾರಣವೂ ಕೇಳಿಸುತ್ತದೆ. ಹಾಗಾಗಿ ಒಬ್ಬರಿಗೆ ಮೂರು ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ. ಒಬ್ಬ ಸ್ವಯಂಸೇವಕರ ಮುಂದೆ 20 ಮಕ್ಕಳನ್ನು ಕೂರಿಸಿದರೆ ಅದು ಇನ್ನೊಂದು ತರಗತಿ ಆಗುತ್ತದೆ ಅಷ್ಟೇ.

ಗಂಟು ಎಲ್ಲಿದೆ ಎಂದು ಹುಡುಕುವುದು

ಮಗು ನಾಲ್ಕನೇ ತರಗತಿಯಲ್ಲಿದೆ ಎಂದರೆ ನಾಲ್ಕನೇ ತರಗತಿಯ ಪುಸ್ತಕ ತೆಗೆಯುವುದು ನಮ್ಮ ಮೊದಲ ಯೋಚನೆ. ಅದು ತಪ್ಪು ಜಾಗ ಆಗಿರಬಹುದು. ಮಗುವಿನ ತರಗತಿ ಅದರ ವಯಸ್ಸನ್ನು ಹೇಳುತ್ತದೆ. ಮಟ್ಟ ತಿಳಿಯಬೇಕಾದರೆ ಮಗು ಓದುವುದನ್ನು ಕೇಳಬೇಕು.

ಇದಕ್ಕೆ ದೊಡ್ಡ ಪರೀಕ್ಷೆ ಬೇಕಿಲ್ಲ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ, ಮಕ್ಕಳ ಓದು ಮತ್ತು ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಬಳಸುವ ಸಾಧನ ಬಲು ಸರಳ. ಕೆಲವು ಅಕ್ಷರ, ಕೆಲವು ಪದ, ಒಂದನೇ ತರಗತಿ ಮಟ್ಟದ ಚಿಕ್ಕ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ. ಮಗು ಜೋರಾಗಿ ಓದುತ್ತದೆ, ದೊಡ್ಡವರು ಕೇಳುತ್ತಾರೆ. ಎಲ್ಲಿಯವರೆಗೆ ಸಲೀಸಾಗಿ ಹೋಗುತ್ತದೋ ಅದೇ ಮಗುವಿನ ಮಟ್ಟ. ಹೀಗೆ ನೋಡಿ, ತರಗತಿಯ ಲೆಕ್ಕ ಬಿಟ್ಟು ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸಬೇಕು. ಇದೇ ಹಾದಿಯ ಒಂದು ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಮುಂಬೈ, ವಡೋದರಾಗಳಲ್ಲಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಮೂಲ ಪಾಠ ಹೇಳಿಕೊಟ್ಟವರು ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ್ದ ಯುವತಿಯರು. ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದವು. ಬಿ.ಎಡ್. ಮಾಡಿದವರಿಗೆ ಮಾತ್ರ ಈ ಕೆಲಸ ಸಾಧ್ಯ ಎನ್ನುವವರಿಗೆ ಈ ಉದಾಹರಣೆ ಸಾಕು.

ಕನ್ನಡ ಓದುವ ಮಗುವಿನ ಗಂಟು ಎಲ್ಲಿರುತ್ತದೆ ನೋಡಿ. ಅ ಆ ಇ ಈ, ಕ ಖ ಗ ಘ ಎಲ್ಲ ಬಾಯಿಪಾಠ ಬರುತ್ತದೆ. 'ಮರ', 'ಬಸವ' ಓದುತ್ತದೆ. ಕಾಗುಣಿತಕ್ಕೆ ಬಂದಾಗ ದೀರ್ಘ ಬಿಟ್ಟುಹೋಗುತ್ತದೆ, 'ಕೀಲಿ' ಎನ್ನುವುದು 'ಕಿಲಿ' ಆಗುತ್ತದೆ. ಒತ್ತಕ್ಷರ ಬಂದರೆ ಓಟವೇ ನಿಲ್ಲುತ್ತದೆ. 'ರಾತ್ರಿ' ಹೋಗಿ 'ರಾತಿ'. 'ಸೂರ್ಯ' ಎನ್ನುವಲ್ಲಿ ರಕಾರದ ಗುರುತು ಯಕಾರದ ನಂತರ ಬರುತ್ತದೆ, ಉಚ್ಚಾರದಲ್ಲಿ ಮಾತ್ರ ಮೊದಲು. ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿ 'ಸೂಯ್ರ' ಎನ್ನುತ್ತದೆ. ಪಾಪ, ಅದರ ತರ್ಕದಲ್ಲಿ ತಪ್ಪೇನೂ ಇಲ್ಲ! ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ. ನೂರಾರು ಅಕ್ಷರ ರೂಪಗಳಿರುವ ಲಿಪಿಯನ್ನು ಪೂರ್ತಿ ಪಳಗಿಸಿಕೊಳ್ಳಲು ಮಕ್ಕಳಿಗೆ ಒಂದೆರಡು ವರ್ಷ ಸಾಲದು, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ಸಾಗುತ್ತಲೇ ಇರುತ್ತದೆ. ಮೂರನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ದಡ್ಡ ಎಂದು ಷರಾ ಬರೆಯುವ ಮೊದಲು ಇದನ್ನು ನೆನೆಯಬೇಕು. ಅಂಥ ಮಗುವಿಗೆ ಅ ಆ ಇಂದ ಮತ್ತೆ ಶುರು ಮಾಡುವುದು ದಂಡ. ಯಾವ ಒತ್ತುಗಳು ಬರುವುದಿಲ್ಲ ಎಂದು ಗುರುತು ಹಾಕಿಕೊಂಡು, ಅವೇ ಮತ್ತೆ ಮತ್ತೆ ಬರುವ ಚಿಕ್ಕ ಕಥೆಗಳನ್ನು ಓದಿಸಬೇಕು.

ಲೆಕ್ಕದಲ್ಲೂ ಹೀಗೆಯೇ. 52ರಲ್ಲಿ 38 ಕಳೆ ಎಂದರೆ ಎಷ್ಟೋ ಮಕ್ಕಳು 26 ಎಂದು ಬರೆಯುತ್ತಾರೆ. ಗಮನವಿಲ್ಲ ಎಂದು ಬೈಯುವವರೇ ಜಾಸ್ತಿ. ಆದರೆ 'ಹೇಗೆ ಮಾಡಿದೆ, ಹೇಳು' ಎಂದು ಕೇಳಿದರೆ ಮಗು ಹೇಳುತ್ತದೆ: 8ರಲ್ಲಿ 2 ಹೋದರೆ 6, 5ರಲ್ಲಿ 3 ಹೋದರೆ 2. ಪ್ರತಿ ಸಾಲಿನಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಅದು ತಾನೇ ಮಾಡಿಕೊಂಡಿದೆ. ಅದನ್ನೇ ನಿಷ್ಠೆಯಿಂದ ಪಾಲಿಸುತ್ತಿದೆ. ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ತೋರಿಸಿದಂತೆ ಮಕ್ಕಳ ಇಂಥ ಎಷ್ಟೋ ತಪ್ಪುಗಳ ಹಿಂದೆ ಒಂದು ಖಚಿತ ಕ್ರಮ ಇರುತ್ತದೆ. ಆ ಕ್ರಮ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಡಿ. ಎಂಟು ಬಿಡಿ ಕಡ್ಡಿ ಕೊಡು ಎನ್ನಿ. ಇರುವುದು ಎರಡೇ. ಮಗು ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದ ಮೇಲೆ 12ರಲ್ಲಿ 8 ಹೋಗಿ 4, ಉಳಿದ ನಾಲ್ಕು ಕಟ್ಟಿನಲ್ಲಿ 3 ಹೋಗಿ 1. ಉತ್ತರ 14. 'ದಶಕ ತೆಗೆದುಕೊಳ್ಳುವುದು' ಎಂದು ಮಗು ಅದುವರೆಗೆ ಬಾಯಲ್ಲಿ ಹೇಳುತ್ತಿದ್ದುದು ಈಗ ಕೈಗೆ ಸಿಗುತ್ತದೆ. ಇದನ್ನು ಒಂದು ವಾರ ಮಾಡಿಸಿ ಬಿಟ್ಟರೆ ಸಾಲದು. ಹಳೆಯ ನಿಯಮ ಅಷ್ಟು ಬೇಗ ಜಾಗ ಬಿಡುವುದಿಲ್ಲ.

ಗುಂಪು ಮಾಡುವಾಗ ಒಂದು ಎಚ್ಚರ ಬೇಕು. ಒಂಬತ್ತು ವರ್ಷದ ಮಗುವನ್ನು ಆರು ವರ್ಷದವರ ನಡುವೆ ಕೂರಿಸಿದರೆ ಅದಕ್ಕೆ ನಾಚಿಕೆ ಆಗುತ್ತದೆ. ಗುಂಪಿಗೆ ಒಂದು ಎರಡು ಎಂದು ನಂಬರ್ ಹಾಕಿದರೆ ಯಾರು ಹಿಂದಿದ್ದಾರೆ ಎಂದು ಮೊದಲ ದಿನವೇ ಎಲ್ಲರಿಗೂ ಗೊತ್ತಾಗುತ್ತದೆ. ಹಕ್ಕಿಯ ಹೆಸರೋ ಹೂವಿನ ಹೆಸರೋ ಇಡಿ. ಒಂದೂವರೆ ಎರಡು ತಿಂಗಳಿಗೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿ. ದೊಡ್ಡ ಮಕ್ಕಳಿಗೆ ಸುಲಭದ ಪಠ್ಯ ಕೊಡಬೇಕಾದಾಗ, ಭಾಷೆ ಸುಲಭವಾಗಿದ್ದು ವಿಷಯ ಅವರ ವಯಸ್ಸಿಗೆ ತಕ್ಕುದಾಗಿರಲಿ.

ಆ ಎರಡು ಗಂಟೆಯ ಒಳಗೆ

ವಾರಾಂತ್ಯದ ಪಾಠಕ್ಕೆ ದೊಡ್ಡ ಶತ್ರು ನಡುವಿನ ಆರು ದಿನ. ಮರೆವು ಎಷ್ಟು ಬೇಗ ಕೆಲಸ ಮಾಡುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ಬರೆದಿಟ್ಟಿದ್ದಾರೆ. ಇದಕ್ಕೆ ಒಂದು ಒಳ್ಳೆಯ ಮದ್ದು ಸಿಕ್ಕಿದ್ದು 2006ರ ಒಂದು ಪ್ರಯೋಗದಲ್ಲಿ. ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಠ್ಯ ಓದಲು ಕೊಟ್ಟರು. ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಮತ್ತೆ ಓದಿದವರಿಗೆ ನೆನಪಿದ್ದದ್ದು 42%, ನೆನಪು ಮಾಡಿ ಬರೆದವರಿಗೆ 56%. ಒಂದು ವಾರ ಎಂದರೆ ನಮ್ಮ ಎರಡು ತರಗತಿಗಳ ನಡುವಿನ ಅಂತರವೇ ಅಲ್ವಾ?

ಹಾಗಾಗಿ ಮೊದಲ ಹತ್ತು ನಿಮಿಷ ಹೊಸ ಪಾಠ ಬೇಡ. ಕಳೆದ ವಾರದ್ದನ್ನು ನೀವು ಹೇಳಬೇಡಿ, ಮಕ್ಕಳಿಂದ ಹೇಳಿಸಿ. ಪುಸ್ತಕ ನೋಡದೆ ಎರಡು ಲೆಕ್ಕ, ನಾಲ್ಕು ಪದ, ಕಥೆಯಲ್ಲಿ ಏನಾಯಿತು ಎಂಬ ಮಾತು. ಮನೆಗೆ ಕೊಡುವ ಕೆಲಸ ದಿನಕ್ಕೆ ಹತ್ತು ನಿಮಿಷದ್ದಾದರೆ ಸಾಕು. ಒಂದೇ ದಿನ ಒಂದು ಗಂಟೆ ಕೂತು ಮುಗಿಸುವುದಕ್ಕಿಂತ ಆರು ದಿನ ಹತ್ತು ಹತ್ತು ನಿಮಿಷ ಮಾಡಿದ್ದು ಗಟ್ಟಿಯಾಗಿ ನಿಲ್ಲುತ್ತದೆ.

ಹೊಸ ಸ್ವಯಂಸೇವಕರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಸುಮ್ನೆ ಕಾಯುವುದು. ಮಗು ತಡವರಿಸಿದ ತಕ್ಷಣ ನಮ್ಮ ಬಾಯಿಂದ ಉತ್ತರ ಬಂದುಬಿಡುತ್ತದೆ, ಪ್ರೀತಿಯಿಂದಲೇ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿ ಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡಿನ ಆಸುಪಾಸು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಎನ್ನುವುದು ಕಡಿಮೆಯಾಯಿತು, ಸುಮ್ಮನೆ ಕೂರುತ್ತಿದ್ದವರೂ ಮಾತಾಡಿದರು. ಮೂರು ಸೆಕೆಂಡ್ ಕೇಳಲು ಚಿಕ್ಕದು. ಮಗುವಿನ ಮುಖ ನೋಡುತ್ತಾ ಕಾಯುವಾಗ ಬಹಳ ಉದ್ದ.

ಇನ್ನು ಹೋಂವರ್ಕ್. ತಂದೆ ತಾಯಿ ಮೊದಲು ಕೇಳುವುದು ಅದನ್ನೇ, ಅವರ ಒತ್ತಡ ಅರ್ಥವಾಗುತ್ತದೆ. ಆದರೂ ಎರಡು ಗಂಟೆಯನ್ನೂ ಹೋಂವರ್ಕ್ ನುಂಗಲು ಬಿಡಬಾರದು. ಎರಡನೇ ತರಗತಿಯ ಕಥೆಯನ್ನೇ ಓದಲಾಗದ ಮಗು ಐದನೇ ತರಗತಿಯ ಪ್ರಶ್ನೋತ್ತರ ಬರೆಯುವುದು ಎಂದರೆ ಬೋರ್ಡ್ ನೋಡಿ ನಕಲು ಮಾಡುವುದು ಅಷ್ಟೇ. ಪುಸ್ತಕ ತುಂಬುತ್ತದೆ, ಓದು ಬರುವುದಿಲ್ಲ. ಇದನ್ನು ಪೋಷಕರಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕು.

ಆಟ, ಪ್ರಯೋಗ ಬರೀ ಆಕರ್ಷಣೆಗಾ?

ಮಕ್ಕಳನ್ನು ಬರುವಂತೆ ಮಾಡಲು ಸ್ವಲ್ಪ ಆಟ ಸೇರಿಸಿದ್ದೇವೆ ಎಂದು ಹಲವರು ಹೇಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಓದು ಎರಡು ಶಕ್ತಿಗಳ ಗುಣಾಕಾರ ಎಂದು ಗಾಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದರು: ಅಕ್ಷರ ಬಿಡಿಸುವ ಶಕ್ತಿ ಒಂದು, ಭಾಷೆ ಅರ್ಥವಾಗುವ ಶಕ್ತಿ ಇನ್ನೊಂದು. ಗುಣಾಕಾರವಾದ್ದರಿಂದ ಯಾವುದೊಂದು ಸೊನ್ನೆಯಾದರೂ ಓದು ಸೊನ್ನೆ. ಎರಡನೆಯ ಶಕ್ತಿ ಬರುವುದು ಮಾತಿನಿಂದ, ಅನುಭವದಿಂದ, ಜಗತ್ತಿನ ಬಗ್ಗೆ ಮಗುವಿಗೆ ಗೊತ್ತಿರುವ ಸಂಗತಿಗಳಿಂದ.

1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ 64 ಅಮೆರಿಕನ್ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ಒಂದು ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆ ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ಗ್ರಹಿಸಿದರು. ವಿಷಯ ಪರಿಚಯ ಇದ್ದರೆ ಓದು ಸಲೀಸು. ಹೀಗಾಗಿ ಬೀಜ ಮೊಳಕೆಯೊಡೆಯುವುದನ್ನು ನೋಡಿದ್ದು, ಗಂಟೆಗೊಮ್ಮೆ ಕೋಲಿನ ನೆರಳು ಅಳೆದದ್ದು, ಭೂತಗನ್ನಡಿಯಲ್ಲಿ ಇರುವೆಯ ಕಾಲು ಎಣಿಸಿದ್ದು ಮುಂದಿನ ಓದಿಗೆ ಹಾಕಿದ ಬಂಡವಾಳ.

ಕಾಗದದ ವಿಮಾನವನ್ನೇ ತೆಗೆದುಕೊಳ್ಳಿ. ಎಲ್ಲರೂ ಒಂದೊಂದು ಮಡಚುತ್ತಾರೆ, ಮೂರು ಸಲ ಹಾರಿಸುತ್ತಾರೆ, ಟೇಪ್ ಹಿಡಿದು ದೂರ ಅಳೆದು ಬರೆಯುತ್ತಾರೆ. ಯಾರದ್ದು ಯಾರದ್ದಕ್ಕಿಂತ ಎಷ್ಟು ಮುಂದೆ ಹೋಯಿತು? ಕಳೆಯಲೇಬೇಕು, ದಶಕ ಬಿಚ್ಚಲೇಬೇಕು. ವಿಮಾನದ ಮೂಗಿಗೆ ಒಂದು ಕ್ಲಿಪ್ ಸಿಕ್ಕಿಸಿದರೆ ಏನಾಗುತ್ತದೆ? ಮೊದಲು ಊಹೆ ಬರೆಯಿರಿ, ಆಮೇಲೆ ಹಾರಿಸಿ. ಕೊನೆಗೆ ಹಾರಾಟದ ಬಗ್ಗೆ ಅರ್ಧ ಪುಟದ ಓದು. ಓದಿನಲ್ಲಿ ಹಿಂದಿರುವ ಹುಡುಗಿಯ ವಿಮಾನವೇ ಎಲ್ಲರದ್ದಕ್ಕಿಂತ ದೂರ ಹೋದರೆ, ಹೇಗೆ ಮಡಚಿದೆ ಎಂದು ಎಲ್ಲರೂ ಅವಳನ್ನೇ ಕೇಳುತ್ತಾರೆ. ಅವಳು ವಿವರಿಸಬೇಕಾಗುತ್ತದೆ. ಅದೇ ಆ ದಿನದ ಭಾಷಾ ಪಾಠ.

ಅದೇ ಮುಖ, ಪ್ರತಿ ವಾರ

ಸ್ವಯಂಸೇವಕರು ಬರುತ್ತಾರೆ, ಕೆಲವರು ಎರಡೇ ವಾರಕ್ಕೆ ಬರುವುದು ನಿಲ್ಲಿಸುತ್ತಾರೆ. ದೊಡ್ಡವರಿಗೆ ಇದು ಸಣ್ಣ ವಿಷಯ. ಮಗುವಿಗೆ ಅಲ್ಲ. ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ 10ರಿಂದ 16 ವರ್ಷದ ಮಕ್ಕಳು ಮತ್ತು ಅವರಿಗೆ ಜೊತೆಯಾದ ಸ್ವಯಂಸೇವಕರ ಬಗ್ಗೆ. ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಒಳ್ಳೆಯದಾಯಿತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳ ಮಕ್ಕಳಲ್ಲಿ ತಮ್ಮ ಬಗ್ಗೆಯೇ ಇದ್ದ ಭರವಸೆ ಕುಗ್ಗಿತ್ತು. ಅಂದರೆ ಬಂದು ಬಿಟ್ಟುಹೋಗುವುದು ಬಾರದೇ ಇರುವುದಕ್ಕಿಂತ ಕೆಟ್ಟದಾಗಬಹುದು. ಹಾಗಾಗಿ ಸ್ವಯಂಸೇವಕರನ್ನು ಸೇರಿಸಿಕೊಳ್ಳುವಾಗಲೇ ನೇರವಾಗಿ ಕೇಳಬೇಕು: ಆರು ತಿಂಗಳು, ಸಾಧ್ಯವಾದರೆ ಪೂರ್ತಿ ವರ್ಷ ಬರಲಾಗುತ್ತದಾ? ಆಗದವರಿಗೂ ಕೆಲಸ ಇದೆ. ಕಾರ್ಡ್ ತಯಾರಿಸುವುದು, ಪುಸ್ತಕ ಜೋಡಿಸುವುದು, ಒಂದು ದಿನದ ಪ್ರಯೋಗ ತೋರಿಸುವುದು. ಮಗುವಿನ ಪಕ್ಕದ ಜಾಗ ಮಾತ್ರ ಉಳಿಯುವವರಿಗೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಎಂದೂ ಇರಬಾರದು. ಎಲ್ಲರಿಗೂ ಕಾಣುವ ಜಾಗದಲ್ಲೇ ಪಾಠ, ಕನಿಷ್ಠ ಇಬ್ಬರು ದೊಡ್ಡವರು. ಸೇರುವವರ ಹಿನ್ನೆಲೆ ಪರಿಶೀಲನೆ ಆಗಬೇಕು. ಪೋಷಕರ ಒಪ್ಪಿಗೆ ಇಲ್ಲದೆ ಫೋಟೋ ತೆಗೆಯುವುದಾಗಲಿ ಹಂಚುವುದಾಗಲಿ ಬೇಡ. ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಎಂಬುದು ಬರಹದಲ್ಲಿರಲಿ. ಒಳ್ಳೆಯ ಜನರೇ ಇದ್ದಾರೆ, ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೂ ಈ ನಿಯಮ ಸಡಿಲ ಮಾಡಬಾರದು.

ಯಾರು ಬರುತ್ತಿಲ್ಲ ಎಂಬುದೂ ದೊಡ್ಡ ಪ್ರಶ್ನೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಹಳ್ಳಿಯ ಸ್ವಯಂಸೇವಕರು ಓದಿನ ಶಿಬಿರ ನಡೆಸಿದ್ದರು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಏನೂ ಓದಲು ಬಾರದೆ ಶಿಬಿರಕ್ಕೆ ಬಂದ ಮಕ್ಕಳಲ್ಲಿ ಸುಧಾರಣೆ ಎದ್ದು ಕಾಣುತ್ತಿತ್ತು. ಆದರೆ ಬಂದದ್ದು 100ಕ್ಕೆ ಸುಮಾರು 8 ಮಕ್ಕಳು. ಚೆನ್ನಾಗಿ ಕಲಿಸಿದರೆ ಮಕ್ಕಳು ತಾವಾಗೇ ಬರುತ್ತಾರೆ ಎಂಬ ಭರವಸೆ ಇಲ್ಲಿ ಸುಳ್ಳಾಯಿತು. ಎರಡು ವಾರ ಬಾರದ ಮಗುವಿನ ಮನೆಗೆ ಫೋನ್ ಮಾಡುವುದು, ಶಾಲೆಯ ಶಿಕ್ಷಕರನ್ನು ಕೇಳಿ ಹೆಚ್ಚು ಅಗತ್ಯ ಇರುವವರನ್ನು ಹುಡುಕುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ ಮಕ್ಕಳು ಅವರನ್ನೂ ಜೊತೆಗೆ ಕರೆತರಲು ಬಿಡುವುದು. ಇವೂ ಪಾಠದಷ್ಟೇ ಮುಖ್ಯ ಕೆಲಸ.

ಕೊನೆಯದಾಗಿ ಒಂದು ನೋಟ್‌ಬುಕ್ ಬಗ್ಗೆ ಹೇಳಬೇಕು. ಪ್ರತಿ ಮಗುವಿಗೂ ಒಂದು ಪುಟ. ತರಗತಿ ಮುಗಿದ ಕೂಡಲೇ ಎರಡು ಸಾಲು ಬರೆಯಿರಿ. 'ಕಥೆ ಓದಿದಳು, ತ್ರ ಮತ್ತು ಷ್ಟ ಇನ್ನೂ ತಡೆಯುತ್ತವೆ. ದಶಕ ಬಿಚ್ಚಿ ಕಳೆಯುವುದು ಕಡ್ಡಿ ಇದ್ದರೆ ಸರಿ, ಕಡ್ಡಿ ಇಲ್ಲದೆ ತಪ್ಪುತ್ತದೆ. ಇರುವೆಗಳ ಬಗ್ಗೆ ತುಂಬಾ ಕೇಳಿದಳು.' ಒಂದು ವಾರ ನೀವು ರಜೆ ಹಾಕಿದರೆ ನಿಮ್ಮ ಜಾಗದಲ್ಲಿ ಕೂತವರು ಇದನ್ನು ಓದಿ ಅಲ್ಲಿಂದಲೇ ಮುಂದುವರಿಸುತ್ತಾರೆ. ಎರಡು ತಿಂಗಳಾದರೂ ಪುಟದಲ್ಲಿ ಅದೇ 'ತ್ರ', ಅದೇ 'ಷ್ಟ' ಬರುತ್ತಿದ್ದರೆ ಕಲಿಸುವ ವಿಧಾನ ಬದಲಿಸಬೇಕು ಎಂದರ್ಥ. ನೀವು ಪೂರ್ತಿ ಬಿಡಬೇಕಾಗಿ ಬಂದರೆ ಒಂದು ತಿಂಗಳು ಮೊದಲೇ ಮಗುವಿಗೆ ಹೇಳಿ, ಹೊಸಬರನ್ನು ಕೊನೆಯ ಎರಡು ವಾರ ಪಕ್ಕದಲ್ಲೇ ಕೂರಿಸಿಕೊಳ್ಳಿ, ಆ ಪುಟವನ್ನು ಮಗುವಿನ ಎದುರಿಗೇ ಅವರಿಗೆ ಓದಿ ಹೇಳಿ.